ಹಿಮ್ಮಡಿಯ ಯಂತ್ರ, ಅಜವಾನದ ಹೊಗೆ

ಆ ಯಂತ್ರವನ್ನು ನಾವು ತರಿಸಿದ್ದು ಹಿಮ್ಮಡಿ ನೋವಿಗೆ. ಸೊಲ್ಲಾಪುರದಲ್ಲಿ ಇಡೀ ದಿನ ಗಲ್ಲಾಪೆಟ್ಟಿಗೆಯ ಹಿಂದೆ ನಿಲ್ಲುವ ಅಂಗಡಿಕಾರರು, ಚಾದರದ ಕಾರ್ಖಾನೆಗಳಲ್ಲಿ ಸಿಮೆಂಟು ನೆಲದ ಮೇಲೆ ನಿಂತೇ ದುಡಿಯುವವರು ಬಹಳ. ಅವರ ಹಿಮ್ಮಡಿಗೆ, ಭುಜಕ್ಕೆ, ಮೊಣಕೈಗೆ ಶಾಕ್ ವೇವ್ ಕೊಡುವುದು ಫಿಜಿಯೋಥೆರಪಿಸ್ಟ್ ಆದ ನನ್ನ ನಿತ್ಯದ ಕೆಲಸ. ಹೆಸರು ಕೇಳಿ ಜನ ಕರೆಂಟು ಹೊಡೆಯುತ್ತದೆಂದು ಹೆದರುತ್ತಾರೆ. ಕರೆಂಟು ಮೈ ಮುಟ್ಟುವುದಿಲ್ಲ. ಕೈಯಲ್ಲಿ ಹಿಡಿಯುವ ಹಿಡಿಕೆಯ ತುದಿಯಿಂದ ಒತ್ತಡದ ಸಣ್ಣ ಪೆಟ್ಟುಗಳು ಚರ್ಮ ದಾಟಿ ಒಳಗೆ ಹೋಗುತ್ತವೆ. ಅಲ್ಲಿ ರಕ್ತದ ಹರಿವು ಹೆಚ್ಚುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ, ನೋವಿನ ನರಗಳು ನಿಧಾನಕ್ಕೆ ಶಾಂತವಾಗುತ್ತವೆ ಎಂಬುದು ನಾವು ಕಲಿತದ್ದು.

ಒಂದು ಮಧ್ಯಾಹ್ನ, ಆಸ್ಪತ್ರೆಯ ಬಾಗಿಲು ಅರ್ಧ ಮುಚ್ಚಿದ್ದ ಹೊತ್ತಿನಲ್ಲಿ, ಮೇಲಿನ ಮಹಡಿಯ ಸ್ತ್ರೀರೋಗ ತಜ್ಞೆ ಇಳಿದು ಬಂದು ನನ್ನ ಎದುರಿನ ಸ್ಟೂಲಿನ ಮೇಲೆ ಕುಳಿತರು. ನನಗಿಂತ ಬಹಳ ಹಿರಿಯರು, ಮಾತು ಕಡಿಮೆ.

"ನಿನ್ನ ಮಷೀನ ನನಗ ಬೇಕಾಗೇತಿ," ಎಂದರು. "ಹಿಮ್ಮಡಕ್ಕಲ್ಲ."

ಅಕ್ಕಲಕೋಟೆ ತಾಲ್ಲೂಕಿನ ಚಪಳಗಾಂವದಿಂದ ಒಬ್ಬ ಹೆಣ್ಣುಮಗಳು ಅವರಲ್ಲಿ ಬರುತ್ತಿದ್ದಳು. ಮೂವತ್ತು ದಾಟಿದ ವಯಸ್ಸು, ಇಬ್ಬರು ಮಕ್ಕಳ ತಾಯಿ. ಯೋನಿಯ ಹೊರಭಾಗದಲ್ಲಿ ಆಕೆಗೆ ವರ್ಷಗಳಿಂದ ಉರಿ. ಕುಳಿತರೆ ಉರಿ, ಬಟ್ಟೆ ತಾಗಿದರೆ ಉರಿ, ಗಂಡ ಹತ್ತಿರ ಬಂದರೆ ತಡೆಯಲಾಗದ ಉರಿ. ಸೋಂಕಿಲ್ಲ, ಗಾಯವಿಲ್ಲ, ಯಾವ ಪರೀಕ್ಷೆಯಲ್ಲೂ ಏನೂ ಸಿಕ್ಕಿರಲಿಲ್ಲ. ಮುಲಾಮು, ಗುಳಿಗೆ ಎಲ್ಲ ಆಗಿತ್ತು. ಚೂರು ಕಡಿಮೆಯಾಗಿ ಮತ್ತೆ ಮರಳುತ್ತಿತ್ತು. ಇಂಥ ನೋವಿಗೆ ಬೇರೆ ಕಡೆ ಶಾಕ್ ವೇವ್ ಕೊಟ್ಟು ನೋಡುತ್ತಿದ್ದಾರೆ, ಕೆಲವರಿಗೆ ಗುಣ ಕಂಡಿದೆ, ಆದರೆ ಖಾತ್ರಿಯ ಚಿಕಿತ್ಸೆ ಎನ್ನುವಂತಿಲ್ಲ ಎಂದು ಡಾಕ್ಟರು ನನಗೆ ವಿವರಿಸಿದರು. ಆಕೆಗೂ ಹಾಗೆಯೇ ಹೇಳಿದ್ದರು. ಆಕೆ ಒಪ್ಪಿದ್ದಳು.

"ಟೈಮ ಭಾಳ ಇಲ್ಲ," ಎಂದರು ಕೊನೆಗೆ. "ಎಳ್ಳಮಾಸಿ ಆದ ಮ್ಯಾಲೆ ಆಕಿ ಮನ್ಯಾಗಿನವರು ಪಿಶವಿ ತೆಗಸಾಕ ನಿಂತಾರ."

ಪಿಶವಿ ಎಂದರೆ ಮರಾಠಿಯಲ್ಲಿ ಚೀಲ. ಇಲ್ಲಿ ಗರ್ಭಕೋಶಕ್ಕೆ ಹಾಗೆನ್ನುತ್ತಾರೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹೆಂಗಸಿಗೆ ಸೊಂಟದ ಕೆಳಗೆ ಏನೇ ತ್ರಾಸವಾದರೂ, ಮಕ್ಕಳಾಗಿ ಮುಗಿದಿದ್ದರೆ, ಅದನ್ನು ತೆಗೆಸಿಬಿಡುವ ರೂಢಿ ಇದೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಉಂಡು ಬಂದ ಮೇಲೆ ಜೋಳದ ಸುಗ್ಗಿಯವರೆಗೆ ಕೈಗೆ ಸ್ವಲ್ಪ ಬಿಡುವು. ಆಪರೇಶನ್ನುಗಳೆಲ್ಲ ಆ ಬಿಡುವಿಗೇ ಗೊತ್ತಾಗುತ್ತವೆ.

"ಆಕಿ ಗರ್ಭಕೋಶಕ್ಕ ಏನೂ ಆಗಿಲ್ಲ," ಎಂದರು ಡಾಕ್ಟರು. "ನೋವು ಅಲ್ಲಿ ಇಲ್ಲೇ ಇಲ್ಲ. ತೆಗದರ ಅದೂ ಹೋಗ್ತೈತಿ, ನೋವೂ ಉಳೀತೈತಿ. ಆದ್ರ ನಾ ಬರೇ ಬ್ಯಾಡ ಬ್ಯಾಡ ಅಂದ್ರ ಯಾರು ಕೇಳ್ತಾರ? ಏನರೆ ಕಡಿಮಿ ಮಾಡಿ ತೋರಸಬೇಕು."

ಸೋಮವಾರ ಮಧ್ಯಾಹ್ನ, ಬೇರೆ ರೋಗಿಗಳಿಲ್ಲದ ಹೊತ್ತಿಗೆ ಆಕೆಯನ್ನು ಕರೆಸಿದೆವು. ಜೊತೆಗೆ ಅತ್ತೆ ಬಂದಿದ್ದರು. ಎತ್ತರದ ಗಟ್ಟಿ ಹೆಂಗಸು, ಕೈಯಲ್ಲಿ ರೊಟ್ಟಿ ಗಂಟು. ಸೊಸೆಯನ್ನು ಒಳಗೆ ಬಿಟ್ಟು ತಾವು ಹೊರಗಿನ ಬೆಂಚಿನ ಮೇಲೆ ಕುಳಿತರು.

ಡಾಕ್ಟರು ಮೊದಲು ನೋವಿನ ನಕ್ಷೆ ಮಾಡಿದರು. ಹತ್ತಿಯ ಕಡ್ಡಿಯ ತುದಿಯಿಂದ ಯೋನಿದ್ವಾರದ ಸುತ್ತ ಗಡಿಯಾರದ ಅಂಕಿಗಳ ಹಾಗೆ ಒಂದೊಂದೇ ಜಾಗವನ್ನು ಮೆತ್ತಗೆ ಮುಟ್ಟಿ, ಪ್ರತಿ ಸಲ ಕೇಳಬೇಕು. ನಾನು ಕಾಗದದ ಮೇಲೆ ಗುರುತು ಹಾಕುತ್ತಿದ್ದೆ. ಮೇಲಿನ ಜಾಗಗಳಲ್ಲಿ ಆಕೆ ಸುಮ್ಮನಿದ್ದಳು. ಕೆಳಭಾಗಕ್ಕೆ ಕಡ್ಡಿ ತಾಗಿದ ಕೂಡಲೇ ತೊಡೆಗಳೆರಡೂ ತಾವಾಗಿ ಮುಚ್ಚಿಕೊಂಡವು.

"ಹತ್ತರಾಗ ಎಷ್ಟು ಹೇಳ್ತೀ ನೋವಿಗೆ?" ಎಂದು ನಾನು ಕೇಳಿದೆ. ಎಲ್ಲರಿಗೂ ಕೇಳುವ ಪ್ರಶ್ನೆ.

"ಹತ್ತರಾಗ ಅಂದ್ರ ಹ್ಯಾಂಗ ಹೇಳ್ಲಿರಿ ಮ್ಯಾಡಂ? ಖಾರ ಹಚ್ಚಿಧಂಗ ಆಗ್ತೈತಿ."

"ಯಾವ ಖಾರ? ಶೇಂಗಾ ಹಿಂಡಿ?"

ಆ ನೋವಿನಲ್ಲೂ ಆಕೆಗೆ ನಗು ಬಂತು. "ಹಿಂಡಿಗೆ ಯಾರು ದವಾಖಾನಿಗೆ ಬರ್ತಾರ್ರಿ. ಹಸಿಮೆಣಸಿನಕಾಯಿ ಠೇಚಾ."

ಡಾಕ್ಟರು ತಲೆ ಎತ್ತದೆ, "ಠೇಚಾ ಅಂತ ಬರಿ," ಎಂದರು. ನಾನು ಹಾಗೆಯೇ ಬರೆದೆ. ಅಂದಿನಿಂದ ಮಜ್ಜಿಗೆಯ ತಂಪು, ಶೇಂಗಾ ಚಟ್ನಿಪುಡಿಯಾದ ಹಿಂಡಿಯ ಖಾರ, ಠೇಚಾದ ಉರಿ ಎಂಬ ಅಳತೆಯೇ ನಮ್ಮ ಮೂವರ ನಡುವೆ ಉಳಿಯಿತು.

ಯಂತ್ರದ ತುದಿಯನ್ನು ನೋಯುವ ಜಾಗಕ್ಕೇ ಇಡುವುದಿಲ್ಲ. ಯೋನಿಗೂ ಗುದದ್ವಾರಕ್ಕೂ ನಡುವಿನ ಭಾಗಕ್ಕೆ ದಪ್ಪಗೆ ಜೆಲ್ ಹಚ್ಚಿ, ಅದರ ಮೇಲೆ ತುದಿಯನ್ನು ಒತ್ತದೆ ಇಟ್ಟು, ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋಗಬೇಕು. ಹಿಮ್ಮಡಿಗೆ ಕೊಡುವ ಜೋರು ಇಲ್ಲಿ ಸಲ್ಲದು. ಅತ್ಯಂತ ಕೆಳಗಿನ ಹಂತದಿಂದ ಶುರು ಮಾಡಿ, ಆಕೆಯ ಮುಖ ನೋಡಿಕೊಂಡೇ ಏರಿಸಬೇಕು. ನನಗೆ ಕೈಗೆ ಒಗ್ಗಿದ ಕೆಲಸವೇ, ಆದರೂ ಅಂದು ಹಂತದ ಅಂಕಿಯನ್ನು ಎರಡು ಸಲ ನೋಡಿಕೊಂಡೆ. ಟಕ್ ಟಕ್ ಸದ್ದು ಶುರುವಾದಾಗ ಆಕೆ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ, "ಗ್ವಾಡಿ ಆಚಿಕಡಿ ಯಾರೋ ಬಾಗಲಾ ಬಡದಂಗ ಆಗ್ತೈತ್ರಿ, ನೋವಿಲ್ಲ," ಎಂದಳು.

ಹೊರಗೆ ಬಂದಾಗ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದರು. "ಊರಾಗ ಹಿಮ್ಮಡ ನೋವಂತ ಹೇಳೀವ್ರಿ. ಯಾರರೆ ಕೇಳಿದ್ರ ನೀವೂ ಹಂಗ ಅನ್ರಿ."

"ಆಗ್ಲಿ ಅವ್ವಾರ."

"ದಿನಾ ಸಂಜೀಕ ಕಟ್ಟಿ ಮ್ಯಾಲೆ ಕುಂದ್ರಿಸಿ ಈಕಿ ಹಿಮ್ಮಡಕ್ಕ ಎಣ್ಣಿ ತಿಕ್ಕತೀನ್ರಿ, ಓಣ್ಯಾಗಿನವರು ನೋಡ್ಲಿ ಅಂತ. ಈಕಿ ಒಮ್ಮೆ ಎಡಗಾಲ ಕುಂಟತಾಳ, ಒಮ್ಮೆ ಬಲಗಾಲ. ಒಂದ ಕಾಲ ಕುಂಟವ್ವಾ ಅಂತ ಎಷ್ಟ ಹೇಳೀನಿ."

ಸೊಸೆ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಅತ್ತೆ ಸೊಸೆಯರ ನಡುವೆ ಇಂಥ ಸಲಿಗೆಯನ್ನು ನಾನು ನಮ್ಮ ಆಸ್ಪತ್ರೆಯಲ್ಲಿ ಹೆಚ್ಚು ಕಂಡಿಲ್ಲ. ನನಗೆ ಧೈರ್ಯ ಬಂತು.

ಎರಡನೆಯ ಸೋಮವಾರ ಆಕೆ ಬಂದಾಗ ಉರಿ ಇಳಿದಿರಲಿಲ್ಲ, ಇನ್ನೂ ಏರಿತ್ತು. ಮೊದಲ ಸಲಕ್ಕೆ ಹೀಗಾಗುವುದುಂಟು ಎಂದುಕೊಂಡು ಇನ್ನೂ ಕೆಳಗಿನ ಹಂತದಲ್ಲಿ ಕೊಟ್ಟೆ. ಮೂರನೆಯ ಸೋಮವಾರ ಆಕೆ ಒಬ್ಬಳೇ ಬಂದಳು. ಒಳಗೆ ಬಂದವಳು ಕುರ್ಚಿಯನ್ನು ನೋಡಿದಳೇ ಹೊರತು ಕೂರಲಿಲ್ಲ.

ಡಾಕ್ಟರು ಪರೀಕ್ಷಿಸಿದರು. ಚರ್ಮ ಕೆಂಪಾಗಿ ಒಣಗಿ ಅಲ್ಲಲ್ಲಿ ಸಣ್ಣಗೆ ಬಿರಿದಿತ್ತು. ಆ ಕೆಂಪು ನಾನು ಯಂತ್ರ ಇಟ್ಟ ಜಾಗದಲ್ಲಿ ಮಾತ್ರವಿರಲಿಲ್ಲ; ತೊಡೆಯ ಒಳಭಾಗದವರೆಗೂ ಹರಡಿತ್ತು. ಅವರು ನನ್ನ ಕಡೆ ನೋಡಿದರು. ನನ್ನ ಕೈಯಿಂದಲೇ ಈ ಹೆಣ್ಣುಮಗಳಿಗೆ ಕೇಡಾಯಿತೇ ಎಂಬ ಒಂದೇ ಯೋಚನೆ.

ಹೊದಿಸಿದ ಬಟ್ಟೆ ಸರಿಪಡಿಸಲು ಬಾಗಿದಾಗ ಆಕೆಯ ಸೀರೆಯಿಂದ ಒಂದು ವಾಸನೆ ಬಂತು. ಸುಟ್ಟ ಅಜವಾನ, ಅಂದರೆ ಓಮ, ಬೆಳ್ಳುಳ್ಳಿ ಸಿಪ್ಪೆ, ಸಗಣಿ ಕುಳ್ಳಿನ ಹೊಗೆ. ನಮ್ಮಲ್ಲಿ ಹೆರಿಗೆಯಾದ ಮನೆಯಲ್ಲಿ ಮಾತ್ರ ಬರುವ ವಾಸನೆ.

"ಮನಿಯಾಗ ಯಾರರೆ ಬಾಣಂತಿ ಅದಾರೇನು?" ಎಂದು ಕೇಳಿದೆ.

ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು. "ನಾನ ಬಾಣಂತಿ ಆಗೀನ್ರಿ," ಎಂದಳು, ಅರ್ಧ ನಗುತ್ತ. "ಇಲ್ಲಿಂದ ಹ್ವಾದ ದಿನಾ ಅತ್ತಿ ಹೊಗಿ ಕೊಡ್ತಾರ್ರಿ. ಮಾರನೆ ದಿನಾನೂ ಕೊಡ್ತಾರ. ಕೆಳಗಿಂದು ಏನರೆ ಆದ್ರ ಕಾವು ಬೇಕಂತ."

ಹೆರಿಗೆಯಾದವರನ್ನು ಹಗ್ಗದ ಹೊರಸಿನ ಮೇಲೆ ಕೂರಿಸಿ, ಕೆಳಗೆ ಕೆಂಡದ ಶೆಗಡಿ ಇಟ್ಟು, ಅಜವಾನ ಹಾಕಿ ಕಾವು ಕೊಡುವುದು ನಮ್ಮ ಮನೆಗಳ ಪದ್ಧತಿ. ನನಗೂ ನನ್ನ ತಾಯಿ ಕೊಟ್ಟಿದ್ದರು. ಮುಟ್ಟಿದರೆ ಉರಿಯುವ ಚರ್ಮಕ್ಕೆ ವಾರ ವಾರ ಕೆಂಡದ ಕಾವು ತಾಗುತ್ತಿತ್ತು. ನಾವು ಇಲ್ಲಿ ಯಂತ್ರದ ಹಂತ ಇಳಿಸುತ್ತ ಕುಳಿತಿದ್ದೆವು.

"ನಮಗ ಯಾಕ ಹೇಳಲಿಲ್ಲ?" ಎಂದರು ಡಾಕ್ಟರು.

"ನಿಮಗ ಗೊತ್ತಿರ್ತೈತಿ ಅಂದಕೊಂಡಿದ್ನಿರಿ. ಎಲ್ಲಾರಿಗೂ ಕೊಡ್ತಾರಲ್ಲ."

ಮುಂದೇನು ಎಂಬುದು ಆಗಲೇ ನಿರ್ಧಾರವಾಗಬೇಕಿತ್ತು. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಹೊಗೆ ನಿಲ್ಲಿಸಲು ಹೇಳಿ, ಅಂದಿನ ಸರದಿಯನ್ನು ಕಡಿಮೆ ಹಂತದಲ್ಲಿ ಕೊಟ್ಟು ಕಳಿಸಬಹುದಿತ್ತು, ದಿನ ಉಳಿಯುತ್ತಿತ್ತು. ಹಿಡಿಕೆ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, "ಚರ್ಮ ಮಾಯೋತನಕ ಮಷೀನ ಬ್ಯಾಡ್ರಿ ಮ್ಯಾಡಂ," ಎಂದೆ. ಡಾಕ್ಟರು ತಲೆಯಾಡಿಸಿದರು.

ಆಕೆ ಎದ್ದು ಕುಳಿತಳು. "ಬಂದ ಮಾಡಿದ್ರ ನನ್ನ ಸೀದಾ ಪಿಶವಿ ತೆಗಸಾಕ ಒಯ್ತಾರ್ರಿ," ಎಂದಳು. ಧ್ವನಿ ಏರಿಸಲಿಲ್ಲ. ಅದಕ್ಕೇ ಆ ಮಾತು ನನ್ನನ್ನು ಹೆಚ್ಚು ಅಲ್ಲಾಡಿಸಿತು.

"ಅತ್ತೀಗೆ ನಾನ ಹೇಳ್ತೀನಿ," ಎಂದೆ.

"ನೀವ ಹೇಳ್ರಿ. ನಾ ಹೇಳಿದ್ರ ಅವರಿಗೆ ಕೆಟ್ಟ ಅನಸ್ತೈತಿ. ಹೊಗಿಯೊಳಗ ನನಗಿಂತ ಹೆಚ್ಚ ಅವರ ಕುಂದರ್ತಾರ."

ಆ ಭಾನುವಾರ ಅಕ್ಕಲಕೋಟೆಯ ಬಸ್ಸು ಹಿಡಿದೆ. ಅಲ್ಲಿನ ನಿಲ್ದಾಣದಲ್ಲಿ ಆಕೆಯ ಗಂಡ ಮೋಟರ್ ಸೈಕಲ್ ತಂದು ನಿಂತಿದ್ದ. ಸೊಲ್ಲಾಪುರದ ಹತ್ತಿರದ ಚಿಂಚೋಳಿ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಕೆಲಸ ಅವನಿಗೆ. ರಜೆಯ ದಿನ ಹೊಲ. ಚಪಳಗಾಂವ ಬಂದಾಗ, ಮುಂದೆ ನೋಡುತ್ತಲೇ, "ಆಕಿ ರಾತ್ರೆಲ್ಲ ಅಳ್ತಾಳ್ರಿ. ನಾ ನೋಡಲಾರೆ. ಅದಕ ತೆಗಿಸಿಬಿಡೂಣು ಅಂದ್ನಿ," ಎಂದ. ಅವನನ್ನು ನಾನು ಬೇರೆ ಥರ ಊಹಿಸಿದ್ದೆ.

ಹಿಮ್ಮಡಿಯ ಡಾಕ್ಟರು ಬಂದಿದ್ದಾರೆಂದು ಓಣಿಗೆಲ್ಲ ಸುದ್ದಿಯಾಗಿತ್ತು. ನಾನು ಚಹಾ ಮುಗಿಸುವುದರೊಳಗೆ ಕಟ್ಟೆಯ ಮೇಲೆ ಮುದುಕಿಯರು ಸಾಲಾಗಿ ಕಾಲು ಚಾಚಿದ್ದರು. ಸುಳ್ಳು ಉಳಿಯಬೇಕಿದ್ದರೆ ನೋಡದೆ ವಿಧಿಯಿರಲಿಲ್ಲ. ಒಬ್ಬೊಬ್ಬರ ಹಿಮ್ಮಡಿಯನ್ನೂ ಒತ್ತಿ ನೋಡಿ, ಕಾಲು ಚಾಚಿ ಮಾಡುವ ವ್ಯಾಯಾಮ ಹೇಳಿಕೊಟ್ಟೆ. ಒಬ್ಬ ಮುದುಕಿ, "ಗುಳಗಿ ಇಲ್ಲ, ಸೂಜಿ ಇಲ್ಲ. ಎಂಥಾ ಡಾಕ್ಟರವ್ವಾ ಈಕಿ?" ಎಂದು ಎದ್ದು ಹೋದಳು.

ಅವರೆಲ್ಲ ಹೋದ ಮೇಲೆ ಅತ್ತೆ ನನ್ನನ್ನೂ ಸೊಸೆಯನ್ನೂ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ಕೇಳುವ ಮೊದಲೇ ಎಲ್ಲವನ್ನೂ ತೋರಿಸಿದರು: ಹಗ್ಗದ ಹೊರಸು, ಶೆಗಡಿ, ಸುತ್ತ ಹೊದಿಸುವ ಕೌದಿ, ಅಜವಾನದ ಡಬ್ಬಿ. ಆ ತೋರಿಸುವಿಕೆಯಲ್ಲಿ ಹೆಮ್ಮೆ ಇತ್ತು. "ಮಷೀನ ಬಡದ ಜಾಗಕ್ಕ ಕಾವು ಬೇಕ ಬೇಕಲ್ಲರಿ. ನೀವು ಬಡೀತೀರಿ, ನಾ ಕಾಸ್ತೀನಿ. ಇಬ್ಬರೂ ಕೂಡಿ ಆರಾಮ ಮಾಡೂಣು."

ದಾರಿಯಲ್ಲಿ ನಾನು ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಅಲ್ಲಿ ಬಿದ್ದುಹೋದವು. ಹೊರಸಿನ ಅಂಚಿಗೆ ಕುಳಿತು, "ಅವ್ವಾರ, ಈ ಉರಿಗೆ ಹೊಗಿ ಆಗ್ತೈತಿ ಅಂತ ನಿಮಗ ಯಾರು ಹೇಳಿದ್ರು?" ಎಂದಷ್ಟೇ ಕೇಳಿದೆ.

ಅವರು ಶೆಗಡಿಯ ಬೂದಿಯನ್ನು ಕಡ್ಡಿಯಿಂದ ಕೆದಕಿದರು.

"ಯಾರ ಹೇಳಬೇಕ್ರಿ. ನನಗ ಇತ್ತಲ್ಲ."

"ಏನು?"

"ಇದ. ಇದ ಉರಿ. ಸಣ್ಣ ಮಗಾ ಹುಟ್ಟಿದ ಮ್ಯಾಲೆ ಸುರು ಆತು. ಪಿಶವಿ ತೆಗಸಿದ್ರ ಹೋಗ್ತೈತಿ ಅಂದ್ರು. ತೆಗಸಿದೆ. ಹೋಗಲಿಲ್ಲ. ಹೊಗಿ ತಗೊಂಡ್ರ ಆ ಹೊತ್ತಿಗೆ ಒಂದೀಟು ಮರತಂಗ ಆಗ್ತಿತ್ತು. ಮುಂಜಾನಿಗೆ ಮತ್ತ ಅಷ್ಟ."

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಆಕೆಗೆ ಇದು ಗೊತ್ತಿರಲಿಲ್ಲ ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು.

"ಈಗ?" ಎಂದು ಕೇಳಿದೆ.

"ಈಗೂ ಐತಿ."

ಎಷ್ಟು ವರ್ಷ ಎಂದು ನಾನು ಕೇಳಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಆ ಸಣ್ಣ ಮಗನ ವಯಸ್ಸೇ ಅದಕ್ಕೆ ಲೆಕ್ಕವಾಗಿತ್ತು. ಅವರು ತಮಗೆ ಇದ್ದ ಒಂದೇ ಸಮಾಧಾನವನ್ನು ಸೊಸೆಗೆ ಕೊಡುತ್ತಿದ್ದರು. ಅದು ಆಕೆಯ ಚರ್ಮವನ್ನು ಸುಡುತ್ತಿತ್ತು.

ಹೇಳಲೇಬೇಕಿತ್ತು, ಹೇಳಿದೆ. ಚರ್ಮ ಬಿರಿದದ್ದು ಹೇಗೆ, ಕಾವು ಯಾಕೆ ಬೇಡ, ಸೋಪು ಯಾಕೆ ಬೇಡ, ತಣ್ಣೀರು ಸಾಕು ಎಂದು ನಿಧಾನವಾಗಿ ವಿವರಿಸಿದೆ. ಅವರು ಶೆಗಡಿಯನ್ನು ಕಾಲಿನಿಂದ ಮೂಲೆಗೆ ಸರಿಸಿ, "ಹಂಗಾದ್ರ ನಾ ಏನ ಮಾಡ್ಲಿ? ಸುಮ್ನ ಕುಂದ್ರಲೇನು?" ಎಂದರು.

ಅವರಿಗೂ ಒಂದು ಕೆಲಸವಿತ್ತು. ಇಂಥ ನೋವಿನಲ್ಲಿ ಕಿಬ್ಬೊಟ್ಟೆಯ ತಳವನ್ನು ಜೋಲಿಯ ಹಾಗೆ ಹಿಡಿದಿರುವ ಸ್ನಾಯುಗಳು ಸದಾ ಬಿಗಿದಿರುತ್ತವೆ. ಆಳವಾಗಿ ಉಸಿರು ತೆಗೆದುಕೊಂಡು ಅವನ್ನು ಸಡಿಲ ಬಿಡುವುದನ್ನು ಕಲಿಯಬೇಕು. ಒಬ್ಬರೇ ಮಾಡಿದರೆ ಹೊಟ್ಟೆ ಉಬ್ಬದೆ ಎದೆಯೇ ಉಬ್ಬುತ್ತದೆ. ಸೊಸೆಯನ್ನು ಮಲಗಿಸಿ, ಅತ್ತೆಯ ಅಂಗೈಯನ್ನು ಆಕೆಯ ಹೊಕ್ಕುಳಿನ ಕೆಳಗೆ ಇಡಿಸಿದೆ. ಕೈ ಮೇಲೇಳಬೇಕು, ನಿಧಾನ ಇಳಿಯಬೇಕು. ಅದನ್ನು ನೋಡಿಕೊಳ್ಳುವುದು ಅವರ ಪಾಲು.

"ಇದೇನ ಭಾಳಲ್ಲ," ಎಂದರು. "ಉಸಿರಾಡ ಯವ್ವಾ. ಎಮ್ಮಿ ಮಲಗಿಧಂಗ ಮಲಗಬ್ಯಾಡ, ಉಸಿರಾಡ."

ಚರ್ಮ ಮಾಯಲು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಎಳ್ಳಮಾವಾಸ್ಯೆಗೆ ಕೆಲವೇ ದಿನ ಮೊದಲು ಒಂದು ಸೋಮವಾರ ಯಂತ್ರ ಮತ್ತೆ ಶುರು ಮಾಡಿದೆ, ಮೊದಲಿನಂತೆಯೇ ತೀರ ಕೆಳಗಿನಿಂದ. ಮುಂದಿನ ಸೋಮವಾರ ಬಂದಾಗ ಆಕೆ, "ಠೇಚಾನ ಐತ್ರಿ. ಆದ್ರ ಮೊಸರು ಕಲಿಸ್ಯಾರ," ಎಂದಳು. ಡಾಕ್ಟರು ಹತ್ತಿಯ ಕಡ್ಡಿಯಿಂದ ಮತ್ತೆ ನಕ್ಷೆ ಮಾಡಿದರು. ನೋವಿನ ಜಾಗ ಕಿರಿದಾಗಿತ್ತು. ಬಹಳ ಅಲ್ಲ. ತೊಡೆಗಳು ಮುಚ್ಚಿಕೊಳ್ಳಲಿಲ್ಲ, ಅಷ್ಟು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ.

ಅಂದು ಗಂಡನೂ ಬಂದಿದ್ದ. ಹಬ್ಬ ಆಗಿಹೋಗಿತ್ತು, ಆಪರೇಶನ್ನು ಗೊತ್ತಾಗಿದ್ದ ನರ್ಸಿಂಗ್ ಹೋಮಿನವರು ಆ ವಾರವೇ ಬರಲು ಹೇಳಿದ್ದರು. ಡಾಕ್ಟರ ಕೋಣೆಯಲ್ಲಿ ಅವನು ಕುರ್ಚಿಯ ತುದಿಗೆ ಕುಳಿತ. ಹೆಂಡತಿ ಪಕ್ಕದಲ್ಲಿ, ಅತ್ತೆ ಬಾಗಿಲ ಬಳಿಯ ಸ್ಟೂಲಿನ ಮೇಲೆ, ನಾನು ಯಾವಾಗಲೂ ನಿಲ್ಲುವ ಬೀರುವಿನ ಹತ್ತಿರ. ಡಾಕ್ಟರು ಗರ್ಭಕೋಶಕ್ಕೂ ಈ ಉರಿಗೂ ಸಂಬಂಧವಿಲ್ಲವೆಂದು ಚಿತ್ರ ಬರೆದು ತೋರಿಸಿದರು. ಅವನು ಗೌರವದಿಂದಲೇ ಕೇಳಿದ. ಕೇಳಿ, "ಹೌದ್ರಿ ಮ್ಯಾಡಂ. ಆದ್ರ ನಮ್ಮೂರಾಗ ಭಾಳ ಮಂದಿ ತೆಗಿಸ್ಯಾರ್ರಿ. ಆರಾಮ ಅದಾರ. ಇದು ಒಂದೀಟು ಕಡಿಮಿ ಆಗೇತಿ, ಖರೇ. ಮತ್ತ ಹೆಚ್ಚಾದ್ರ? ಒಮ್ಮೆ ತೆಗಿಸಿಬಿಟ್ರ ಮುಗೀತು," ಎಂದ.

ಕಡಿಮೆಯಾಗಿಯೇ ತೀರುತ್ತದೆಂದು ಡಾಕ್ಟರು ಸುಳ್ಳು ಹೇಳುವವರಲ್ಲ. ಸೊಸೆ ತನ್ನ ಕೈ ನೋಡಿಕೊಳ್ಳುತ್ತಿದ್ದಳು.

"ಮುಗಿಯೂದಿಲ್ಲ," ಎಂದರು ಅತ್ತೆ ಸ್ಟೂಲಿನ ಮೇಲಿಂದ.

ಅವನು ತಿರುಗಿದ.

"ನಂದು ತೆಗಸ್ಯಾರಲ್ಲ. ನಿಮ್ಮಪ್ಪ ಒಯ್ದಿದ್ದ. ಹ್ವಾದದ್ದು ಪಿಶವಿ ಅಷ್ಟ. ಉರಿ ಎಲ್ಲಿತ್ತು ಅಲ್ಲೇ ಐತಿ."

ತಾಯಿ ಮಗನೆದುರು ಆಡುವ ಮಾತಲ್ಲ ಅದು, ನಮ್ಮ ಕಡೆ. ಅವನ ಕಿವಿ ಕೆಂಪಾದವು. ನೆಲ ನೋಡುತ್ತ, "ನೀ ಯಾಕ ಹೇಳಲಿಲ್ಲವ್ವಾ?" ಎಂದ.

"ಯಾರ ಕೇಳಿದ್ರಪಾ?"

ಅವನು ಎದ್ದು ಹೊರಗೆ ಹೋದ. ಗಾಜಿನ ಬಾಗಿಲಿನಾಚೆ ಫೋನು ಕಿವಿಗೆ ಹಿಡಿದು ನಿಂತದ್ದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಒಳಗೆ ಬಂದು ಹೆಂಡತಿಗೆ, ನಮಗಲ್ಲ, "ಕ್ಯಾನ್ಸಲ ಮಾಡೀನಿ," ಎಂದ. ಆಕೆ ತಲೆ ಎತ್ತಲಿಲ್ಲ. ಅತ್ತೆ ರೊಟ್ಟಿ ಗಂಟು ಬಿಚ್ಚಿ ಡಾಕ್ಟರ ಮೇಜಿನ ಮೇಲೆ ಸಜ್ಜೆಯ ಕಡುಬು ಇಟ್ಟರು.

ಆಮೇಲಿನ ಸೋಮವಾರಗಳು ಸುಸೂತ್ರವೆಂದು ಹೇಳಲಾರೆ. ಒಂದು ವಾರ ಇಳಿದದ್ದು ಮುಂದಿನ ವಾರ ಏರಿದ್ದುಂಟು. ಸರದಿ ಮುಗಿಯುವ ಹೊತ್ತಿಗೆ ಉರಿ ಹಿಂಡಿಯ ಮಟ್ಟಕ್ಕೆ ಬಂದು ನಿಂತಿತ್ತು, ಕೆಲವು ದಿನ ಮಜ್ಜಿಗೆ. ಪೂರ್ತಿ ಹೋಗಿಲ್ಲ. ಯಂತ್ರದಿಂದ ಎಷ್ಟು, ಉಸಿರಿನಿಂದ ಎಷ್ಟು, ಹೊಗೆ ನಿಂತದ್ದರಿಂದ ಎಷ್ಟು ಎಂದು ಬೇರೆ ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ. ಆಕೆ ರಾತ್ರಿ ನಿದ್ದೆ ಮಾಡುತ್ತಾಳೆ. ಮಿಕ್ಕದ್ದನ್ನು ನಾನು ಕೇಳಿಲ್ಲ. ಒಂದು ದಿನ ಆಕೆಯೇ ಡಾಕ್ಟರ ಕಿವಿಯಲ್ಲಿ ಏನೋ ಹೇಳಿದಳು, ಡಾಕ್ಟರು ಆಕೆಯ ಬೆನ್ನು ತಟ್ಟಿದರು. ಯಂತ್ರವನ್ನು ನಿಲ್ಲಿಸಲು ಒಪ್ಪಿದ ಡಾಕ್ಟರಿಗೂ, ಮನೆಯ ಒಳಕೋಣೆಗೆ ನನ್ನನ್ನು ಬಿಟ್ಟುಕೊಂಡ ಆ ಅತ್ತೆಗೂ ನಾನು ಋಣಿ. ಅವರಿಬ್ಬರಲ್ಲಿ ಒಬ್ಬರು ಇಲ್ಲದಿದ್ದರೂ ನನ್ನ ಕೈ ಆ ಹೆಣ್ಣುಮಗಳಿಗೆ ಕೇಡನ್ನೇ ಮಾಡಿರುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಅತ್ತೆ ಸೊಸೆ ಇಬ್ಬರೂ ಮತ್ತೆ ಬಂದರು. ಈ ಸಲ ಹೊರಗಿನ ಬೆಂಚಿನ ಮೇಲೆ ಕುಳಿತದ್ದು ಸೊಸೆ.

ಅತ್ತೆ ಪರೀಕ್ಷೆಯ ಮೇಜು ಹತ್ತಲು ಬಹಳ ಹೊತ್ತು ತೆಗೆದುಕೊಂಡರು. ಮೊದಲು ಕಿಟಕಿ ಮುಚ್ಚಿಸಿದರು, ಆಮೇಲೆ ಫ್ಯಾನು ಬಂದ್ ಮಾಡಿಸಿದರು, ಆಮೇಲೆ ಮತ್ತೆ ಹಾಕಿಸಿದರು. ಮಲಗಿದ ಮೇಲೆ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡರು. ಡಾಕ್ಟರು ಹತ್ತಿಯ ಕಡ್ಡಿ ತೆಗೆದುಕೊಂಡು ಒಂದೊಂದೇ ಜಾಗ ಮುಟ್ಟುತ್ತ ಬಂದರು. ನಾನು ಕಾಗದ ಹಿಡಿದು ನಿಂತಿದ್ದೆ.

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ."

"ಇಲ್ಲಿ?"

ಹೊದಿಕೆಯ ಅಂಚನ್ನು ಹಿಡಿದ ಅವರ ಬೆರಳುಗಳು ಬಿಳಚಿದ್ದವು. ಡಾಕ್ಟರು ಕೈ ಹಿಂದೆಳೆದುಕೊಂಡು ಕಾದರು. ಅತ್ತೆ ಸೆರಗನ್ನು ಕಣ್ಣಿನ ಮೇಲಿಂದ ಸರಿಸಿ, ಡಾಕ್ಟರ ಕೈಯಲ್ಲಿದ್ದ ಕಡ್ಡಿಯ ತುದಿಯಲ್ಲಿನ ಆ ಇಷ್ಟು ಹತ್ತಿಯನ್ನು ನೋಡಿದರು.

"ಇಷ್ಟ ಜಾಗಾ ಏನ್ರಿ?" ಎಂದರು.

"ಹೌದವ್ವಾ. ಇಷ್ಟ."

ಅವರು ಮತ್ತೆ ತಲೆದಿಂಬಿಗೆ ಒರಗಿದರು. "ಇನ್ನೊಮ್ಮೆ ಮುಟ್ರಿ," ಎಂದರು. "ಖರೇ ಅಲ್ಲೇ ಐತೇನು ನೋಡ್ತೀನಿ."